ಬಸಳೆ ಕುಂಡದ ಮಣ್ಣಿನಲ್ಲಿ ಹುಳು: ಹೆಸರು ಹುಡುಕುವ ಮೊದಲು ಬಾಯಿ ನೋಡಿ

ಪ್ರಶ್ನೆ: ನಾವು ಮುಂಬೈಯ ಮುಲುಂಡ್‌ನಲ್ಲಿದ್ದೇವೆ. ಎಂಟನೇ ತರಗತಿಯ ಮಗಳಿಗೆ ಈ ವರ್ಷ ಮೈಕ್ರೋಸ್ಕೋಪ್ ಕೊಡಿಸಿದೆವು. 1200 ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಡಬ್ಬದ ಮೇಲಿದೆ. ಗ್ಯಾಲರಿಯ ಬಸಳೆ ಕುಂಡದಿಂದ ಚಿಟಿಕೆ ಮಣ್ಣು ತೆಗೆದು ನಲ್ಲಿ ನೀರಿನಲ್ಲಿ ಕದಡಿ ನೋಡಿದರೆ, ಗಾಜಿನ ದಾರದಂಥ ಹುಳುಗಳು ಒಂದೇ ಸಮನೆ ಒದ್ದಾಡುತ್ತಿದ್ದವು. ಸಂಜೆ ಅದೇ ಸ್ಲೈಡ್ ನೋಡಿದಾಗ ಒಂದು ದೊಡ್ಡ ಹುಳುವಿನ ಮೈಯೊಳಗೇ ಸಣ್ಣ ಹುಳುಗಳು ಹರಿದಾಡುತ್ತಿದ್ದವು. ಕೊಕ್ಕೆಹುಳುವಿನ ಮರಿ ಥೇಟ್ ಹೀಗೇ ಇರುತ್ತದೆ ಎಂದು ಮಗಳು ಫೋನಿನಲ್ಲಿ ಚಿತ್ರ ತೋರಿಸಿದಳು. ಇದು ನಾರುಹುಣ್ಣಿನ ಹುಳು, ನಲ್ಲಿಯಲ್ಲೇ ಬಂದಿದೆ ಎಂದು ನಮ್ಮ ಅತ್ತೆ ಹೇಳುತ್ತಾರೆ. ಕುಂಡಕ್ಕೆ ಫಿನಾಯಿಲ್ ಹುಯ್ಯಿರಿ ಎಂದು ಪಕ್ಕದ ಮನೆಯವರ ಸಲಹೆ. ಬಸಳೆಯೂ ಎರಡು ತಿಂಗಳಿಂದ ಸೊರಗಿದೆ, ನೀರು ಹಾಕಿದರೂ ಮಧ್ಯಾಹ್ನ ಬಾಡುತ್ತದೆ. ಆ ಸೊಪ್ಪನ್ನೇ ನಾವು ಅಡುಗೆಗೆ ಬಳಸುವುದು. ಇದು ಯಾವ ಹುಳು? ಮನೆಯವರೆಲ್ಲ ಹುಳುವಿನ ಮಾತ್ರೆ ತೆಗೆದುಕೊಳ್ಳಬೇಕೆ? ಗಿಡಗಳನ್ನು ಎಸೆಯಬೇಕೆ?

ಉತ್ತರ: ಮೊದಲು ಮನಸ್ಸಿಗೆ ಸಮಾಧಾನವಾಗುವ ಮಾತು. ನೀವು ಬರೆದಿರುವ ರೀತಿ ನೋಡಿದರೆ ಸ್ಲೈಡಿನಲ್ಲಿ ಕಂಡವು ಬಹುಮಟ್ಟಿಗೆ ಮಣ್ಣಿನಲ್ಲೇ ಹುಟ್ಟಿ ಮಣ್ಣಿನಲ್ಲೇ ಸಾಯುವ ದುಂಡುಹುಳುಗಳು, ಅಂದರೆ ನೆಮಟೋಡ್‌ಗಳು. ಕೊಳೆಯುವ ಎಲೆ, ಗೊಬ್ಬರದಲ್ಲಿರುವ ಬ್ಯಾಕ್ಟೀರಿಯಾ ಅವುಗಳ ಆಹಾರ. ನಿಮ್ಮ ಕರುಳಿನಲ್ಲಿ ಅವಕ್ಕೆ ಕೆಲಸವಿಲ್ಲ. ಬಸಳೆ ಸೊರಗಿರುವುದು ಮಾತ್ರ ಬೇರೆ ವಿಷಯ. ಅದಕ್ಕೆ ನೆಮಟೋಡ್ ಗುಂಪಿನದೇ ಇನ್ನೊಂದು ಹುಳು ಕಾರಣವಾಗಿರುವ ಸಾಧ್ಯತೆ ಸಾಕಷ್ಟಿದೆ. ಅದನ್ನು ಪತ್ತೆ ಮಾಡಲು ನಿಮ್ಮ ಮಗಳ ಮೈಕ್ರೋಸ್ಕೋಪೇ ಸಾಕು.

ಮಣ್ಣಿನಲ್ಲಿ ನೆಮಟೋಡ್ ಕಂಡರೆ ಆ ಮಣ್ಣು ಕೆಟ್ಟಿದೆ ಎಂದಲ್ಲ. ಭೂಮಿಯ ಮೇಲಿನ ಪ್ರಾಣಿಗಳನ್ನೆಲ್ಲ ತಲೆ ಎಣಿಸಿದರೆ ಐದರಲ್ಲಿ ನಾಲ್ಕು ನೆಮಟೋಡ್‌ಗಳೇ ಎಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ಗೊಬ್ಬರ ಹಾಕಿದ, ಹದವಾಗಿ ತೇವವಿರುವ ಕುಂಡದಲ್ಲಿ ಅವು ಒಂದೂ ಸಿಗದಿದ್ದರೆ ನಾನು ಆಶ್ಚರ್ಯಪಡುತ್ತೇನೆ. ಸಿಡ್ನಿ ಬ್ರೆನರ್, ರಾಬರ್ಟ್ ಹಾರ್ವಿಟ್ಜ್, ಜಾನ್ ಸಲ್ಸ್ಟನ್ ಅವರಿಗೆ 2002ರ ನೊಬೆಲ್ ಬಂದದ್ದು ಇಂಥದೇ ಒಂದು ಮಿಲಿಮೀಟರ್ ಉದ್ದದ ಹುಳುವಿನ ಅಧ್ಯಯನಕ್ಕೆ. ಸೀನೊರ್ಹಾಬ್ಡೈಟಿಸ್ ಎಲೆಗನ್ಸ್ ಎಂಬ ಆ ಹುಳುವನ್ನು ಪ್ರಯೋಗಾಲಯದಲ್ಲಿ 15ರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಕುತ್ತಾರೆ. ಅದಕ್ಕಿಂತ ಸ್ವಲ್ಪ ಸೆಕೆಯಾದರೂ ಅದರ ಸಂತಾನ ನಿಲ್ಲುತ್ತದೆ. 37 ಡಿಗ್ರಿಯ ನಮ್ಮ ಮೈಯಲ್ಲಿ, ಜಠರದ ಆಮ್ಲ ದಾಟಿ ಬದುಕುವ ಶಕ್ತಿ ಅದಕ್ಕಿಲ್ಲ.

ಮಗಳು ತೋರಿಸಿದ ಚಿತ್ರದ ವಿಷಯಕ್ಕೆ ಬರುತ್ತೇನೆ. ಅವಳು ಹೋಲಿಕೆ ಕಂಡದ್ದರಲ್ಲಿ ತಪ್ಪಿಲ್ಲ. ಕೊಕ್ಕೆಹುಳುವಿನ ಮರಿಗೂ ನಿರಪಾಯಕಾರಿ ಮಣ್ಣುಹುಳುವಿಗೂ ಮೇಲ್ನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ. ಎರಡೂ ಅರ್ಧ ಮಿಲಿಮೀಟರ್ ಆಸುಪಾಸು, ಎರಡೂ ಪಾರದರ್ಶಕ, ಎರಡೂ ಹಾಗೇ ಒದ್ದಾಡುತ್ತವೆ. ಫೋನಿನ ಚಿತ್ರದ ಪಕ್ಕದಲ್ಲಿಟ್ಟು ಇವನ್ನು ಬೇರ್ಪಡಿಸಲು ನನ್ನಿಂದಲೂ ಆಗದು. ಇಲ್ಲಿ ಕೇಳಬೇಕಾದ್ದು ಆ ಮರಿ ಅಲ್ಲಿಗೆ ಬರುವುದು ಹೇಗೆ ಎಂದು. ಸೋಂಕಿರುವ ಮನುಷ್ಯನ ಮಲ ಬಿದ್ದ ಮಣ್ಣಿನಲ್ಲಿ ಮಾತ್ರ ಮನುಷ್ಯರ ಕೊಕ್ಕೆಹುಳುವಿನ ಮೊಟ್ಟೆ ಒಡೆದು ಮರಿಯಾಗುತ್ತದೆ. ಅದು ಬರಿಗಾಲಿನ ಚರ್ಮದ ಮೂಲಕ ಒಳಗೆ ಸೇರುತ್ತದೆ. ಮೇಲಿನ ಮಹಡಿಯ ಗ್ಯಾಲರಿಯ ಕುಂಡಕ್ಕೆ ಅದು ಬರುವ ದಾರಿ ಸುಲಭವಿಲ್ಲ. ಆದರೆ ಬೆಕ್ಕು ಬಂದು ಕುಂಡದಲ್ಲಿ ಹೊಲಸು ಮಾಡುತ್ತಿದ್ದರೆ ಎಚ್ಚರಿಕೆ ಬೇಕು. ಬೆಕ್ಕು, ನಾಯಿಗಳ ಹುಳುಗಳ ಮೊಟ್ಟೆ ಮಣ್ಣಿನಲ್ಲಿ ಬಹಳ ದಿನ ಉಳಿಯುತ್ತದೆ, ಮಕ್ಕಳ ಕೈಯಿಂದ ಬಾಯಿಗೆ ಹೋಗಬಹುದು. ಅಂಥ ಕುಂಡದ ಮಣ್ಣನ್ನು ಮೈಕ್ರೋಸ್ಕೋಪಿಗೆ ಬಳಸಲೇಬೇಡಿ. ಉಳಿದ ಮಣ್ಣು ಮುಟ್ಟಿದಾಗ ಸೋಪು ಹಾಕಿ ಕೈ ತೊಳೆದು, ಉಗುರಿನ ಸಂದಿ ಉಜ್ಜಿದರೆ ಸಾಕು.

ನಿಮ್ಮ ಅತ್ತೆಯವರ ಹೆದರಿಕೆಯನ್ನು ಲಘುವಾಗಿ ಕಾಣಬೇಡಿ. ಅವರ ಕಾಲದಲ್ಲಿ ನಾರುಹುಣ್ಣು ಕರ್ನಾಟಕ, ಮಹಾರಾಷ್ಟ್ರ, ರಾಜಸ್ಥಾನದ ಹಳ್ಳಿಗಳಲ್ಲಿ ನಿಜವಾಗಿ ಇತ್ತು. ಕಾಲಿನ ಹುಣ್ಣಿನಿಂದ ಹೆಚ್ಚುಕಡಿಮೆ ಒಂದು ಮೀಟರ್ ಉದ್ದದ ಹುಳುವನ್ನು ಕಡ್ಡಿಗೆ ಸುತ್ತಿ ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯುವುದನ್ನು ನೋಡಿದವರಿಗೆ ಆ ಭಯ ಹೋಗುವುದಿಲ್ಲ. ಆದರೆ ಆ ಹುಳು ಹರಡುತ್ತಿದ್ದುದು ಮೆಟ್ಟಿಲುಬಾವಿ, ಕೆರೆಗಳ ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಪುಟ್ಟ ನೀರುಚಿಗಟದ ಹೊಟ್ಟೆಯೊಳಗೆ ಕುಳಿತು. ಅದಕ್ಕೇ ಆಗ ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಹೇಳುತ್ತಿದ್ದುದು. ಭಾರತದಲ್ಲಿ ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ನಾರುಹುಣ್ಣು ಮುಕ್ತ ಎಂದು ಘೋಷಿಸಿತು. ಕುಂಡದ ಮಣ್ಣಿನಲ್ಲಿ ಅದು ಎಂದೂ ಬೆಳೆದದ್ದಿಲ್ಲ. ಇದನ್ನು ಅತ್ತೆಯವರಿಗೆ ಓದಿ ಹೇಳಿ.

ಇನ್ನು ನಲ್ಲಿ ನೀರು. ಮಣ್ಣು ಕದಡಲು ನಲ್ಲಿ ನೀರನ್ನೇ ಬಳಸಿದ್ದರಿಂದ, ಹುಳು ಎರಡರಲ್ಲಿ ಯಾವುದರಿಂದ ಬಂತು ಎಂದು ಈಗ ಹೇಳಲು ಬರುವುದಿಲ್ಲ. ಇನ್ನು ಮುಂದೆ ಪ್ರತಿ ಸಲವೂ ಬರೀ ನೀರಿನ ಒಂದು ಸ್ಲೈಡನ್ನು ಮೊದಲು ನೋಡಿ, ಆಮೇಲೆ ಮಣ್ಣಿನದು. ತುಳಸಿ, ವಿಹಾರ್, ತಾನ್ಸಾ, ಭಾತ್ಸಾ ಮುಂತಾದ ಜಲಾಶಯಗಳಿಂದ ಬರುವ ಮುಂಬೈಯ ನೀರು ಶುದ್ಧೀಕರಣವಾಗಿಯೇ ಊರಿಗೆ ಹೋಗುತ್ತದೆ. ಆದರೆ ಸೊಸೈಟಿಯ ಕೆಳಗಿನ ಟ್ಯಾಂಕು, ಮೇಲಿನ ಟ್ಯಾಂಕಿನ ತಳದ ಕೆಸರಿನಲ್ಲಿ ನೆಮಟೋಡ್‌ಗಳು ನೆಲೆಯೂರಬಲ್ಲವು. ನೀರಿಗೆ ಹಾಕುವ ಕ್ಲೋರಿನ್‌ಗೆ ಅವು ಅಷ್ಟು ಸುಲಭವಾಗಿ ಸಾಯುವುದಿಲ್ಲ. ಬರೀ ನೀರಿನ ಸ್ಲೈಡಿನಲ್ಲೂ ಹುಳು ಸಿಕ್ಕರೆ, ಆ ಹುಳುವಿನಿಂದ ರೋಗ ಬರುತ್ತದೆ ಎಂದು ಹೆದರಬೇಕಾಗಿಲ್ಲ. ಟ್ಯಾಂಕು ತೊಳೆದು ಬಹಳ ದಿನವಾಗಿದೆ ಎಂಬುದರ ಕುರುಹು ಅದು. ಸೊಸೈಟಿಯ ಕಾರ್ಯದರ್ಶಿಗೆ ಬರೆದು ಕೊಡಿ, ಅಲ್ಲಿಯವರೆಗೆ ನೀರು ಕುದಿಸಿ ಕುಡಿಯಿರಿ.

ಹುಳುವಿನೊಳಗೆ ಹುಳು ಕಂಡದ್ದು ನಿಮ್ಮನ್ನು ಹೆಚ್ಚು ಕಂಗೆಡಿಸಿರಬೇಕು. ಇಡೀ ಪತ್ರದಲ್ಲಿ ನನಗೆ ತುಂಬ ಇಷ್ಟವಾದ ಸಾಲು ಅದು, ಏಕೆಂದರೆ ನಿಮ್ಮ ಮಗಳು ಸಂಜೆ ಮತ್ತೆ ನೋಡಿದ್ದಾಳೆ. ಬ್ಯಾಕ್ಟೀರಿಯಾ ತಿನ್ನುವ ಹೆಣ್ಣು ಹುಳುವಿನ ನಡುಭಾಗದಲ್ಲಿ ಮೊಟ್ಟೆಗಳು ಸಾಲಾಗಿರುತ್ತವೆ. ಸ್ಲೈಡಿನ ಒಂದು ಹನಿ ನೀರಿನಲ್ಲಿ ಗಂಟೆಗಟ್ಟಲೆ ಆಹಾರವಿಲ್ಲದೆ ಬಿದ್ದರೆ ಅದು ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಮೊಟ್ಟೆಗಳು ತಾಯಿಯ ಮೈಯೊಳಗೇ ಒಡೆದು, ಮರಿಗಳು ತಾಯಿಯನ್ನೇ ತಿಂದು ಬೆಳೆಯುತ್ತವೆ. ಕೊನೆಗೆ ತಾಯಿಯ ತೊಗಲು ಮಾತ್ರ ಚೀಲವಾಗಿ ಉಳಿದು, ಅದನ್ನು ಹರಿದು ಮರಿಗಳು ಹೊರಬರುತ್ತವೆ. ಅದು ಪರಾವಲಂಬಿಯ ಲಕ್ಷಣವಲ್ಲ, ಹಸಿವಿನ ಪರಿಣಾಮ.

ಈಗ ಮೈಕ್ರೋಸ್ಕೋಪ್. ಡಬ್ಬದ ಮೇಲಿನ 1200ನ್ನು ಮರೆತುಬಿಡಿ. ಎಷ್ಟು ವಿವರ ಕಾಣುತ್ತದೆ ಎನ್ನುವುದು ಆಬ್ಜೆಕ್ಟಿವ್ ಲೆನ್ಸಿನ ಗುಣದ ಮೇಲೆ ನಿಂತಿದೆ. ಲೆನ್ಸಿನ ಮೇಲೆ 40, 0.65 ಎಂದು ಕೆತ್ತಿದ್ದರೆ ಅದರಿಂದ 650 ಪಟ್ಟಿನವರೆಗೆ, ಅಂದರೆ ಎರಡನೆಯ ಅಂಕಿಯ ಸಾವಿರದಷ್ಟರವರೆಗೆ, ಪ್ರಯೋಜನವಿದೆ. ಅದರಾಚೆ ಚಿತ್ರ ಹಿಗ್ಗುತ್ತದೆ, ಹೊಸದೇನೂ ಕಾಣುವುದಿಲ್ಲ. ನೆಮಟೋಡ್ ಹುಡುಕಲು ಒಟ್ಟು 40 ಪಟ್ಟು (4ರ ಲೆನ್ಸು, ಕಣ್ಣಿನ ಕಡೆ 10ರ ಲೆನ್ಸು), ಮೈಯ ಒಳಗನ್ನು ನೋಡಲು 100, ಬಾಯಿ ನೋಡಲು 400, ಇಷ್ಟೇ ಬೇಕಾದ್ದು. ಸ್ಟ್ಯಾನ್‌ಫರ್ಡ್‌ನಲ್ಲಿ ಮನು ಪ್ರಕಾಶ್ ತಂಡ ರೂಪಿಸಿದ ಕಾಗದದ ಫೋಲ್ಡ್‌ಸ್ಕೋಪ್‌ನ 140 ಪಟ್ಟಿನಲ್ಲೂ ಹುಳುವಿನ ಅನ್ನನಾಳ, ಮೊಟ್ಟೆಗಳು ಕಾಣುತ್ತವೆ.

ಹುಳು ಪಾರದರ್ಶಕವಾದ್ದರಿಂದ ಬೆಳಕು ಹೆಚ್ಚಾದಷ್ಟೂ ಅದು ಮಾಯವಾಗುತ್ತದೆ. ಸ್ಲೈಡ್ ಇಡುವ ಸ್ಟೇಜಿನ ಕೆಳಗಿರುವ ಡಯಾಫ್ರಾಮ್ ಅನ್ನು, ಅಂದರೆ ಬೆಳಕು ಬರುವ ಕಿಂಡಿಯನ್ನು, ಚಿಕ್ಕದು ಮಾಡಿ. ಅದಿಲ್ಲದ ಮೈಕ್ರೋಸ್ಕೋಪಾದರೆ ಕಪ್ಪು ಕಾಗದದ ತುಂಡನ್ನು ಬೆಳಕಿಗೆ ಅರ್ಧ ಅಡ್ಡ ಹಿಡಿಯಿರಿ. ಬೆಳಕು ಓರೆಯಾಗಿ ಬಿದ್ದು ಹುಳುವಿನ ಅಂಚುಗಳು ಎದ್ದು ಕಾಣುತ್ತವೆ. ಸಾವಿರಾರು ರೂಪಾಯಿಯ ಹೊಸ ಲೆನ್ಸು ಕೊಳ್ಳುವ ಮೊದಲು ಇದೊಂದನ್ನು ಮಾಡಿ ನೋಡಿ.

ಮಣ್ಣು ಕದಡಿ ನೋಡುವುದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ಗುಸ್ತಾವ್ ಬೇರ್ಮನ್ ಎಂಬ ವೈದ್ಯ 1917ರಲ್ಲಿ ಜಾವಾದಲ್ಲಿ ಮಣ್ಣಿನಿಂದ ಕೊಕ್ಕೆಹುಳುವಿನ ಮರಿಗಳನ್ನು ಬೇರ್ಪಡಿಸಲು ಕಂಡುಕೊಂಡ ವಿಧಾನ ಇದು. ನಾವು ಇವತ್ತಿಗೂ ಬಳಸುತ್ತೇವೆ. ಹಳೆಯ ಚಹಾ ಜರಡಿಯಲ್ಲಿ ಟಿಶ್ಯೂ ಕಾಗದ ಹಾಸಿ, ಬೇರಿನ ಹತ್ತಿರದ ಒದ್ದೆ ಮಣ್ಣು ಎರಡು ಚಮಚ ಹರಡಿ. ಜರಡಿಯನ್ನು ಬಟ್ಟಲಿನ ಮೇಲಿಟ್ಟು, ಮಣ್ಣಿನ ಅಡಿ ತೊಯ್ಯುವಷ್ಟು ನೀರನ್ನು ಬದಿಯಿಂದ ತುಂಬಿ. ಒಂದು ರಾತ್ರಿ, ಒಂದು ಹಗಲು ಬಿಡಿ. ಜೀವಂತ ಹುಳುಗಳು ಕಾಗದ ದಾಟಿ ನೀರಿಗಿಳಿಯುತ್ತವೆ. ಮೇಲಕ್ಕೆ ಈಜಲು ಬಾರದೆ ತಳ ಸೇರುತ್ತವೆ. ಆ ನೀರನ್ನು ಉದ್ದನೆಯ ಲೋಟಕ್ಕೆ ಸುರಿದು ಒಂದು ಗಂಟೆ ಬಿಟ್ಟು, ತಳದ ನೀರನ್ನು ಡ್ರಾಪರ್‌ನಿಂದ ಹೀರಿ ಸ್ಲೈಡಿಗೆ ಹಾಕಿ. ಆ ಜರಡಿ, ಬಟ್ಟಲು, ಲೋಟ ಮತ್ತೆ ಅಡುಗೆಮನೆಗೆ ಹೋಗಕೂಡದು. ಚಲಿಸುವ ಹುಳುಗಳು ಮಾತ್ರ ಹೀಗೆ ಸಿಗುತ್ತವೆ, ಮೊಟ್ಟೆಗಳು ಮಣ್ಣಿನಲ್ಲೇ ಉಳಿಯುತ್ತವೆ. ಆದ್ದರಿಂದ ಬೆಕ್ಕಿನ ಹುಳುವಿನ ಮೊಟ್ಟೆ ಇಲ್ಲ ಎಂದು ಇದರಿಂದ ತೀರ್ಮಾನಿಸಬೇಡಿ.

ಕಂಡದ್ದು ನೆಮಟೋಡೇ ಹೌದೇ ಎಂದು ಮೊದಲು ನೋಡಬೇಕು. ನೆಮಟೋಡ್‌ನ ಮೈಯಲ್ಲಿ ಉದ್ದುದ್ದ ಸ್ನಾಯುಗಳು ಮಾತ್ರ ಇವೆ. ಎರೆಹುಳುವಿನ ಹಾಗೆ ಮೈಯನ್ನು ಹಿಗ್ಗಿಸಿ ಕುಗ್ಗಿಸಲು ಅದಕ್ಕೆ ಆಗದು. ಅದು ಎಸ್ ಆಕಾರದಲ್ಲಿ ಬಳುಕುತ್ತದೆ, ನೀರಿನಲ್ಲಿ ಎಷ್ಟು ಒದ್ದಾಡಿದರೂ ಹೆಚ್ಚು ಮುಂದೆ ಹೋಗುವುದಿಲ್ಲ. ಮೈ ನುಣುಪು, ರೋಮ ಇಲ್ಲ, ಕಾಲಿಲ್ಲ. ಮೈಯ ಪಕ್ಕದಲ್ಲಿ ಬಿರುಗೂದಲಿನ ಗೊಂಚಲು ಕಂಡರೆ ಅದು ಎರೆಹುಳುವಿನ ನೀರಿನ ನಂಟ. ಗಟ್ಟಿ ತಲೆ, ಗೆಣ್ಣುಗೆಣ್ಣಾದ ಮೈ ಇದ್ದರೆ ಯಾವುದೋ ನೊಣದ ಮರಿ. ಮಳೆಗಾಲದಲ್ಲಿ ಬಚ್ಚಲ ಮೋರಿಯಿಂದ ಬರುವ ಹುಳುಗಳು ಇವೇ. ಜಾರಿಕೊಂಡು ಹೋಗುವುದು ಚಪ್ಪಟೆಹುಳು.

ಆಮೇಲೆ ಬಾಯಿ. ನೆಮಟೋಡ್‌ಗಳಲ್ಲಿ ವಿವರಿಸಿರುವ ಪ್ರಭೇದಗಳೇ 25,000ಕ್ಕೂ ಹೆಚ್ಚು. ಎಲೆಗನ್ಸ್ ಹುಳುವನ್ನು ಅದರ ಹತ್ತಿರದ ಬಂಧು ಬ್ರಿಗ್ಸೆಯಿಂದ ಬೇರ್ಪಡಿಸಲು ಪ್ರಯೋಗಾಲಯದವರೂ ಸಂಕರ ಮಾಡಿ ನೋಡುತ್ತಾರೆ, ಇಲ್ಲವೇ ಡಿಎನ್‌ಎ ಪರೀಕ್ಷೆ ಮಾಡಿಸುತ್ತಾರೆ. ಮನೆಯ ಮೈಕ್ರೋಸ್ಕೋಪಿನಲ್ಲಿ ಹೆಸರಿನ ಹಿಂದೆ ಬಿದ್ದರೆ ತಪ್ಪು ಹೆಸರು ಸಿಗುವುದೇ ಹೆಚ್ಚು. ಅದು ಏನು ತಿನ್ನುತ್ತದೆ ಎಂಬುದನ್ನು ಮಾತ್ರ ಬಾಯಿ ಹೇಳಿಬಿಡುತ್ತದೆ. ನೀವು ಏನು ಮಾಡಬೇಕು ಎಂದು ನಿರ್ಧರಿಸಲು ಅಷ್ಟು ಗೊತ್ತಾದರೆ ಸಾಕು.

ಒದ್ದಾಡುವ ಹುಳುವಿನ ಬಾಯಿ ನೋಡಲಾಗದು. ನೀವು ಪಕ್ಕದಲ್ಲಿದ್ದು ಸ್ಲೈಡನ್ನು ದೀಪದ ಜ್ವಾಲೆಯ ಮೇಲ್ಗಡೆ ಕೆಲವು ಕ್ಷಣ ಆಡಿಸಿ. ಹನಿ ಬೆಚ್ಚಗಾದರೆ ಸಾಕು, ಕುದಿಯಬಾರದು. ಹುಳು ಚಲನೆ ನಿಲ್ಲಿಸಿ ಮೈಚಾಚುತ್ತದೆ. ಆಮೇಲೆ ಕವರ್‌ಸ್ಲಿಪ್ ಮುಚ್ಚಿ 400 ಪಟ್ಟಿನಲ್ಲಿ ತಲೆಯ ತುದಿಗೆ ಫೋಕಸ್ ಮಾಡಿ.

ಬಾಯಿ ಬರೀ ಸಣ್ಣ ಕೊಳವೆಯಾಗಿದ್ದು, ಅನ್ನನಾಳದ ಕೊನೆಯಲ್ಲಿ ಒಂದು ಉಬ್ಬು, ಅದರೊಳಗೆ ಅರೆಯುವ ಕವಾಟ ಕಂಡರೆ ಅದು ಬ್ಯಾಕ್ಟೀರಿಯಾ ತಿನ್ನುವುದು. ಜೀವಂತವಿದ್ದಾಗ ಆ ಕವಾಟ ಪಟಪಟ ಮಿಡಿಯುವುದನ್ನು 100 ಪಟ್ಟಿನಲ್ಲೂ ನೋಡಬಹುದು. ನಿಮ್ಮ ಕುಂಡದಲ್ಲಿ ಬಹುಪಾಲು ಇವೇ ಇರಬೇಕು. ಬಾಯಿ ಪೀಪಾಯಿಯಷ್ಟು ಅಗಲವಾಗಿ, ಒಳಗೆ ದೊಡ್ಡ ಹಲ್ಲು ಇದ್ದರೆ ಅದು ಬೇರೆ ನೆಮಟೋಡ್‌ಗಳನ್ನೇ ಬೇಟೆಯಾಡುವ ಮೊನೊಂಕಸ್ ಗುಂಪಿನದು. ಕುಂಡಕ್ಕೆ ಉಪಕಾರಿ, ಸಿಕ್ಕರೆ ನಿಮ್ಮ ಅದೃಷ್ಟ. ಬಾಯೊಳಗೆ ಚೂಪಾದ ಸೂಜಿ ಕಂಡರೆ ನಿಧಾನವಾಗಿ ನೋಡಿ. ಸೂಜಿಯ ಬುಡದಲ್ಲಿ ಮೂರು ಪುಟ್ಟ ಗುಂಡಿಗಳು, ಅನ್ನನಾಳದ ನಡುವೆ ಗುಂಡನೆಯ ಉಬ್ಬು ಇದ್ದರೆ ಬೇರು ಚುಚ್ಚಿ ರಸ ಹೀರುವ ಗುಂಪಿನದಾಗಿರಬಹುದು. ಬುಡದಲ್ಲಿ ಗುಂಡಿ ಇಲ್ಲದ, ನಿಧಾನವಾಗಿ ಸರಿಯುವ ದೊಡ್ಡ ಹುಳುವಾದರೆ ಅದು ಪಾಚಿ, ಶಿಲೀಂಧ್ರ, ಇತರ ಸಣ್ಣ ಜೀವಿಗಳು ಎಲ್ಲವನ್ನೂ ತಿನ್ನುವ ಡೋರಿಲೈಮ್ ಗುಂಪಿನದಾಗಿರಬಹುದು. ಸೂಜಿಬಾಯಿಯವುಗಳಲ್ಲೂ ಶಿಲೀಂಧ್ರ ಮಾತ್ರ ಹೀರುವವು ಇವೆ. ಆದ್ದರಿಂದ ಸೂಜಿ ಕಂಡ ಮಾತ್ರಕ್ಕೆ ಗಿಡ ಎಸೆಯಬೇಡಿ. ಬೇರಿನಲ್ಲಿ ಗಂಟು ಎಬ್ಬಿಸುವ ನೆಮಟೋಡ್‌ನ ಮರಿಯ ಸೂಜಿ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೇ. ಆಟಿಕೆಯ ಲೆನ್ಸಿನಲ್ಲಿ ಅದು ಕಾಣದೇ ಹೋಗಬಹುದು.

ಅದಕ್ಕೇ ಬಸಳೆಯ ಬೇರನ್ನು ನೋಡಬೇಕು ಎನ್ನುವುದು. ಒಂದು ಗಿಡವನ್ನು ಬೇರು ಹರಿಯದಂತೆ ಕಿತ್ತು ಬಕೆಟ್ ನೀರಿನಲ್ಲಿ ಅಲ್ಲಾಡಿಸಿ ತೊಳೆಯಿರಿ. ನೀರು ಹಾಕಿದರೂ ಮಧ್ಯಾಹ್ನ ಬಾಡುವುದು ಬೇರುಗಂಟು ರೋಗದ ಹಳೆಯ ಗುರುತು. ಬಸಳೆ, ಬೆಂಡೆ, ಬದನೆ, ಟೊಮೆಟೊ ಎಲ್ಲವೂ ಅದಕ್ಕೆ ಸುಲಭವಾಗಿ ತುತ್ತಾಗುತ್ತವೆ. ಬೇರೇ ಅಲ್ಲಲ್ಲಿ ಊದಿಕೊಂಡು ಗಂಟುಗಂಟಾಗಿದ್ದರೆ ಸಂಶಯ ಬೇಡ. ಅವರೆ, ಹೆಸರುಕಾಳಿನಂಥ ಗಿಡದ ಬೇರಿನಲ್ಲಿ ಸಾರಜನಕ ಹಿಡಿಯುವ ಗಂಟುಗಳಿರುತ್ತವೆ, ಅವು ಉಗುರಿನಿಂದ ಕೆರೆದರೆ ಉದುರುತ್ತವೆ. ಬೇರುಗಂಟು ರೋಗದ ಗಂಟುಗಳು ಉದುರುವುದಿಲ್ಲ. ಗಂಟಿನ ಮೇಲೆ ಕಂದು ಬಣ್ಣದ ಅಂಟು ಮುದ್ದೆ ಕಂಡರೆ ಸೂಜಿಯಿಂದ ಎತ್ತಿ ಹನಿ ನೀರಿನಲ್ಲಿ ಬಿಡಿಸಿ 100 ಪಟ್ಟಿನಲ್ಲಿ ನೋಡಿ. ಒಂದೊಂದು ಮುದ್ದೆಯಲ್ಲಿ ನೂರಾರು ಉದ್ದುರುಟಾದ ಮೊಟ್ಟೆಗಳು, ಕೆಲವುದರೊಳಗೆ ಸುರುಳಿ ಸುತ್ತಿ ಮಲಗಿದ ಮರಿ. ಅದೇ ಗಂಟನ್ನು ಸೀಳಿದರೆ ಸಾಸಿವೆಗಿಂತ ಚಿಕ್ಕದಾದ, ಮುತ್ತಿನ ಬಿಳುಪಿನ, ಕತ್ತು ಚೂಪಾದ ಉಂಡೆ ಹೊರಬರುತ್ತದೆ. ಅದು ಹೆಣ್ಣು ಹುಳು. ಬೇರಿನೊಳಗೆ ಸೇರಿದ ಮೇಲೆ ಅದು ಜಾಗ ಬಿಟ್ಟು ಕದಲುವುದಿಲ್ಲ, ಅಲ್ಲೇ ಊದಿಕೊಂಡು ಮೊಟ್ಟೆ ಇಡುತ್ತದೆ. ಮೆಲಾಯ್ಡೊಗೈನ್ ಎಂಬ ಈ ಹುಳುವಿನ ಕುಲವನ್ನು ಖಚಿತವಾಗಿ ಹೇಳಲು ಇಷ್ಟು ಸಾಕು.

ಭಾರತದಲ್ಲಿ ಇದನ್ನು ಮೊದಲು ವರದಿ ಮಾಡಿದ್ದು 1901ರಲ್ಲಿ, ನೀಲಗಿರಿಯ ದೇವಾಲದ ಚಹಾ ತೋಟದಿಂದ. ಇವತ್ತು ಮಹಾರಾಷ್ಟ್ರದ ದಾಳಿಂಬೆ ಬೆಳೆಗಾರರ ನಿದ್ದೆ ಕೆಡಿಸಿರುವುದೂ ಇದೇ. ಪುಣೆಯ ಸುತ್ತಮುತ್ತ ಕೆಲಸ ಮಾಡುವಾಗ ನಾನು ಮತ್ತೆ ಮತ್ತೆ ಕಂಡದ್ದು, ರೋಗ ತೋಟಕ್ಕೆ ಬರುವುದು ನರ್ಸರಿಯ ಸಸಿಯ ಜತೆಗಿನ ಮಣ್ಣಿನಲ್ಲಿ. ನಿಮ್ಮ ಕುಂಡಕ್ಕೂ ಅದೇ ದಾರಿಯಲ್ಲಿ ಬಂದಿರಬೇಕು. ಬಸಳೆ ದಂಟಿನ ತುಂಡಿನಲ್ಲಿ ಇದು ಬರುವುದಿಲ್ಲ. ಸೊಪ್ಪು ತಿನ್ನಲು ಅಡ್ಡಿಯಿಲ್ಲ. ಹುಳು ಬೇರಿನಲ್ಲಿರುತ್ತದೆ, ಎಲೆಗೆ ಏರುವುದಿಲ್ಲ.

ಗಂಟು ಸಿಕ್ಕರೆ ಏನು ಮಾಡಬಹುದು ಎಂದರೆ, ಒಂದೆರಡು ಕುಂಡವಾದರೆ ನಾನು ಹೇಳುವುದು ಇಷ್ಟೇ: ಆರೋಗ್ಯವಾಗಿರುವ ದಂಟುಗಳನ್ನು ಕತ್ತರಿಸಿ ಹೊಸ ಮಣ್ಣಿನ ಹೊಸ ಕುಂಡದಲ್ಲಿ ಊರಿ. ಹಳೆಯ ಬೇರನ್ನು ಮನೆಯ ಕಾಂಪೋಸ್ಟ್‌ಗೆ ಹಾಕದೆ ಕಟ್ಟಿ ಕಸಕ್ಕೆ ಕೊಡಿ. ಕುಂಡ ಉಜ್ಜಿ ತೊಳೆದು ಬಿಸಿಲಿಗೆ ಒಣಗಿಸಿ. ಹಳೆಯ ಮಣ್ಣನ್ನು ಉಳಿಸಲೇಬೇಕೆಂದಿದ್ದರೆ ಏಪ್ರಿಲ್, ಮೇ ತಿಂಗಳವರೆಗೆ ಕಾಯಿರಿ. ತೇವ ಮಾಡಿ ಟೆರೇಸಿನ ಮೇಲೆ ಗೇಣಿಗಿಂತ ತೆಳ್ಳಗೆ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚು ಬಿಗಿಮಾಡಿ ನಾಲ್ಕರಿಂದ ಆರು ವಾರ ಬಿಡಬೇಕು. ಮಳೆಗಾಲದ ಮೋಡದಡಿ ಇದು ನಡೆಯುವುದಿಲ್ಲ. ದಪ್ಪಗೆ ಹರಡಿದರೆ ಅಡಿಯ ಹುಳು ಸಾಯುವುದಿಲ್ಲ. ಬೇವಿನ ಹಿಂಡಿ ಸಂಖ್ಯೆ ತಗ್ಗಿಸುತ್ತದೆ, ನಿರ್ಮೂಲ ಮಾಡುವುದಿಲ್ಲ. ಚೆಂಡುಹೂವಿನ ಗಿಡ ಪರಿಣಾಮಕಾರಿ ಎನ್ನುವುದು ನಿಜ. ಆದರೆ ಆ ಕುಂಡದ ತುಂಬ ಅದನ್ನೇ ಒಂದು ಹಂಗಾಮು ಪೂರ್ತಿ ಬೆಳೆಸಬೇಕು, ಬಸಳೆಯ ಪಕ್ಕದಲ್ಲಿ ಒಂದು ಗಿಡ ಊರಿದರೆ ಏನೂ ಆಗದು.

ಫಿನಾಯಿಲ್, ಬ್ಲೀಚಿಂಗ್ ಪೌಡರ್ ಖಂಡಿತ ಬೇಡ. ಗಿಡ ಸಾಯುತ್ತದೆ, ಮಣ್ಣಿನ ಉಪಕಾರಿ ಜೀವಗಳು ಸಾಯುತ್ತವೆ, ಗಂಟಿನೊಳಗಿನ ಮೊಟ್ಟೆಗಳು ಉಳಿದುಕೊಳ್ಳಬಹುದು. ಅಂಗಡಿಯವರು ಕಾರ್ಬೊಫ್ಯುರಾನ್‌ನಂಥ ಹರಳು ವಿಷ ಕೊಟ್ಟರೆ ದಯವಿಟ್ಟು ಮನೆಗೆ ತರಬೇಡಿ. ಅದು ಮನುಷ್ಯರಿಗೂ ಹಕ್ಕಿಗಳಿಗೂ ಘೋರ ವಿಷ. ತಿನ್ನುವ ಸೊಪ್ಪಿನ ಕುಂಡಕ್ಕೆ, ಅದೂ ಮಗು ಆಡುವ ಗ್ಯಾಲರಿಯಲ್ಲಿ, ಅದನ್ನು ಹಾಕುವ ಮಾತೇ ಬೇಡ.

ಮಾತ್ರೆಯ ವಿಷಯ. ಸ್ಲೈಡಿನಲ್ಲಿ ಮಣ್ಣುಹುಳು ಕಂಡಿತೆಂದು ಯಾರೂ ಮಾತ್ರೆ ನುಂಗಬೇಕಾಗಿಲ್ಲ. ನಿಮ್ಮ ಮಗಳಿಗೆ ಶಾಲೆಯಲ್ಲಿ ಫೆಬ್ರವರಿ 10ರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಆಲ್ಬೆಂಡಜೋಲ್ ಕೊಟ್ಟಿರಬಹುದು, ಕೇಳಿ ನೋಡಿ. ಆ ಕಾರ್ಯಕ್ರಮ 2015ರಿಂದ ನಡೆಯುತ್ತಿದೆ. 1ರಿಂದ 19 ವರ್ಷದವರಿಗೆ ಅದನ್ನು ಕೊಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಹೊಟ್ಟೆನೋವು, ರಕ್ತಹೀನತೆ, ರಾತ್ರಿ ಗುದದ್ವಾರದ ತುರಿಕೆ, ಪಾದದ ಚರ್ಮದಲ್ಲಿ ಹರಿದಾಡುವಂಥ ಕೆಂಪು ಗೆರೆ ಇದ್ದರೆ ವೈದ್ಯರ ಬಳಿ ಹೋಗಿ, ಅವರು ಹೇಳಿದರೆ ಮಲಪರೀಕ್ಷೆ ಮಾಡಿಸಿ. ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ಮಾತ್ರೆ ಮುಟ್ಟಬಾರದು. ಮನೆಯ ಮೈಕ್ರೋಸ್ಕೋಪಿನಲ್ಲಿ ಮಲಪರೀಕ್ಷೆ ಮಾಡಿಕೊಳ್ಳುವ ಆಸೆ ಬಂದರೆ ಬಿಟ್ಟುಬಿಡಿ, ಅದರಲ್ಲಿ ಸೋಂಕಿನ ಅಪಾಯವೂ ಇದೆ, ತಪ್ಪು ತೀರ್ಮಾನದ ಅಪಾಯವೂ ಇದೆ.

ಮಗಳಿಗೆ ಒಂದು ಕೆಲಸ ಹೇಳುತ್ತೇನೆ. ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು ಅತಿ ಕಡಿಮೆ ಶಕ್ತಿಯ ಲೆನ್ಸಿನಡಿ ಇಟ್ಟು, ಕಾಣುವ ವೃತ್ತದಲ್ಲಿ ಎಷ್ಟು ಮಿಲಿಮೀಟರ್ ಹಿಡಿಯುತ್ತದೆ ಎಂದು ಎಣಿಸಲಿ. 4ರ ಲೆನ್ಸಿನಲ್ಲಿ 4.5 ಮಿಲಿಮೀಟರ್ ಕಂಡರೆ, 10ರದರಲ್ಲಿ 1.8, 40ರದರಲ್ಲಿ 0.45. ಇಷ್ಟು ಗೊತ್ತಾದರೆ ಹುಳುವಿನ ಉದ್ದ, ಅಗಲ, ಅನ್ನನಾಳದ ಉದ್ದ, ಬಾಲದ ಉದ್ದ ಅಂದಾಜು ಮಾಡಬಹುದು. ಒಟ್ಟು ಉದ್ದವನ್ನು ಉಳಿದ ಮೂರರಿಂದ ಒಂದೊಂದಾಗಿ ಭಾಗಿಸಿ ಬರೆದಿಡಲಿ. ಡಚ್ ವಿಜ್ಞಾನಿ ಯೊಹಾನ್ಸ್ ಡಿ ಮಾನ್ 19ನೇ ಶತಮಾನದಲ್ಲಿ ಹಾಕಿಕೊಟ್ಟ ಈ ಅನುಪಾತಗಳನ್ನೇ ನೆಮಟೋಡ್ ತಜ್ಞರು ಇಂದಿಗೂ ಬಳಸುತ್ತಾರೆ. ಯಾರನ್ನಾದರೂ ಕೇಳುವಾಗ ಫೋಟೊಗಿಂತ ವಿಡಿಯೊ ಒಳ್ಳೆಯದು: ಚಲನೆಯದೊಂದು, ತಲೆಯದೊಂದು, ಬಾಲದ್ದೊಂದು, ಜತೆಗೆ ಈ ಅಳತೆ.

ಬೇರಿನಲ್ಲಿ ಗಂಟು ಕಂಡು, ಪ್ರಭೇದವೂ ತಿಳಿಯಬೇಕೆಂದಿದ್ದರೆ ಕಾಲು ಕಿಲೋ ಒದ್ದೆ ಮಣ್ಣು ಮತ್ತು ಬೇರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲು ತಾಗದಂತೆ, ಫ್ರಿಜ್ಜಿನಲ್ಲೂ ಇಡದೆ, ಕೃಷಿ ವಿಶ್ವವಿದ್ಯಾಲಯದ ನೆಮಟೋಡ್ ವಿಭಾಗಕ್ಕೆ ತಲುಪಿಸಿ. ಮಹಾರಾಷ್ಟ್ರದಲ್ಲಿ ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದಲ್ಲಿ ಈ ಕೆಲಸ ನಡೆಯುತ್ತದೆ. ಚೀಲದ ಮೇಲೆ ಗಿಡದ ಹೆಸರು, ಮಣ್ಣು ತೆಗೆದ ದಿನ, ಸಸಿ ಎಲ್ಲಿಂದ ತಂದದ್ದು ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿ ಅಂಟಿಸಿ. ಪೆನ್ನಿನ ಶಾಯಿ ತೇವಕ್ಕೆ ಕದಡಿಹೋಗುತ್ತದೆ.